ತಜ್ಞರ ಉತ್ತರ: ಡಿಗ್ರಿ ಬೇಡ, ವಾಲಿಬಾಲ್ ಸಾಕು ಎನ್ನುವ ತಮ್ಮನಿಗೆ ಏನು ಹೇಳಲಿ?

ಪ್ರಶ್ನೆ: ಸರ್, ನಮ್ಮದು ಮಲ್ಪೆ ಹತ್ತಿರದ ಊರು. ಅಪ್ಪ ಬೋಟಿಗೆ ಹೋಗುತ್ತಾರೆ, ನಾನು ಉಡುಪಿಯ ಒಂದು ಸೊಸೈಟಿಯಲ್ಲಿ ಕ್ಲರ್ಕ್. ತಮ್ಮನಿಗೆ 18 ವರ್ಷ, ಎತ್ತರ 6 ಅಡಿ 1 ಇಂಚು. ಈಗಷ್ಟೇ ದ್ವಿತೀಯ ಪಿಯುಸಿ ಮುಗಿಸಿದ್ದಾನೆ. ಕಾಲೇಜು ತಂಡದಲ್ಲಿ ಜಿಲ್ಲಾ ಮಟ್ಟದವರೆಗೆ ಆಡಿದ್ದಾನೆ. ವಾರಕ್ಕೆ ಎರಡು ಮೂರು ರಾತ್ರಿ ಬೇರೆ ಬೇರೆ ತಂಡದವರು ಪಂದ್ಯಾಟಕ್ಕೆ ಕರೆದುಕೊಂಡು ಹೋಗುತ್ತಾರೆ, ರಾತ್ರಿಗೆ ಸಾವಿರ, ಎರಡು ಸಾವಿರ ಕೊಡುತ್ತಾರಂತೆ. ಇನ್ನು ಡಿಗ್ರಿ ಬೇಡ, ಎರಡು ವರ್ಷ ಹೀಗೇ ಆಡಿ ಪ್ರೈಮ್ ವಾಲಿಬಾಲ್ ಲೀಗಿಗೆ ಹೋಗುತ್ತೇನೆ ಎನ್ನುತ್ತಾನೆ. ಅಪ್ಪ ಅವನ ಹತ್ತಿರ ಮಾತು ಬಿಟ್ಟಿದ್ದಾರೆ. ವಾಲಿಬಾಲಿನಲ್ಲಿ ನಿಜವಾಗಿ ಜೀವನ ಉಂಟಾ? ಅವನ ಎತ್ತರ ಸಾಕಾ? ಈಚೆಗೆ ಬಲ ಮೊಣಕಾಲು ನೋವು ಎಂದು ಪಟ್ಟಿ ಕಟ್ಟಿಕೊಂಡು ಆಡುತ್ತಿದ್ದಾನೆ, ಅದೂ ಒಂದು ಹೆದರಿಕೆ.

ಉತ್ತರ: ವಾಲಿಬಾಲಿನಲ್ಲಿ ಜೀವನ ಉಂಟು. ನಮ್ಮ ಉಡುಪಿ, ದಕ್ಷಿಣ ಕನ್ನಡ ಜಿಲ್ಲೆಗಳಿಂದಲೇ ಹೋಗಿ, ಆಟದ ಬಲದಿಂದ ಕೆಲಸ ಹಿಡಿದು, ಮನೆ ಕಟ್ಟಿಸಿ, ತಂಗಿಯರ ಮದುವೆ ಮಾಡಿಸಿದವರನ್ನು ನಾನು ಬಲ್ಲೆ. ಆದರೆ ಅವರಲ್ಲಿ ಯಾರೂ ನಿಮ್ಮ ತಮ್ಮ ಹೇಳುವ ದಾರಿಯಲ್ಲಿ ಹೋದವರಲ್ಲ. ಅವನ ಲೆಕ್ಕದಲ್ಲಿ ಡಿಗ್ರಿ ಒಂದು ಕಡೆ, ವಾಲಿಬಾಲ್ ಇನ್ನೊಂದು ಕಡೆ. ನಮ್ಮ ದೇಶದಲ್ಲಿ 18ರಿಂದ 22ರ ವಯಸ್ಸಿನ ಆಟಗಾರನಿಗೆ ಡಿಗ್ರಿ ಕಾಲೇಜೇ ವಾಲಿಬಾಲಿನ ಬಾಗಿಲು. ಕಾಲೇಜು ಬಿಟ್ಟರೆ ಓದಿನ ಜೊತೆಗೆ ಆಟದ ಮುಂದಿನ ಮೆಟ್ಟಿಲನ್ನೂ ಬಿಟ್ಟ ಹಾಗೆ. ಇದು ಅವನ ತಲೆಗೆ ಹೋದರೆ ಮನೆಯ ಅರ್ಧ ಜಗಳ ಮುಗಿಯುತ್ತದೆ. ಹಾಗಾಗಿ ಸ್ವಲ್ಪ ಉದ್ದಕ್ಕೇ ಬರೆಯುತ್ತೇನೆ, ಅವನಿಗೂ ಓದಿಸಿ.

ಮೊದಲು ದುಡ್ಡಿನ ವಿಷಯ. ಭಾರತದಲ್ಲಿ ವಾಲಿಬಾಲ್ ಆಡಿ ಬದುಕು ಕಟ್ಟಿಕೊಂಡವರು ಬಹುಪಾಲು ಇಲಾಖೆ ತಂಡಗಳ ಆಟಗಾರರು. ರೈಲ್ವೆ, ಸೇನಾಪಡೆಗಳು, ಪೊಲೀಸ್, ಆದಾಯ ತೆರಿಗೆ, ಅಂಚೆ, ಕೇರಳದ ವಿದ್ಯುತ್ ಮಂಡಳಿ, ಕೊಚ್ಚಿಯ ಬಿಪಿಸಿಎಲ್, ಚೆನ್ನೈಯ ಇಂಡಿಯನ್ ಓವರ್‌ಸೀಸ್ ಬ್ಯಾಂಕ್, ಹೀಗೆ. ಸ್ಪೋರ್ಟ್ಸ್ ಕೋಟಾದಲ್ಲಿ ಸೇರಿದವನು ಕಾಯಂ ನೌಕರ. ಬೆಳಿಗ್ಗೆ ಸಂಜೆ ಅಭ್ಯಾಸ, ಪಂದ್ಯಗಳಿದ್ದಾಗ ತಂಡದ ಜೊತೆ ಪ್ರಯಾಣ, ಉಳಿದಂತೆ ಕಚೇರಿ. ಆಟ ನಿಂತ ಮೇಲೂ ಕೆಲಸ ಇರುತ್ತದೆ, ಬಡ್ತಿ ಇರುತ್ತದೆ. ಏಳನೇ ವೇತನ ಆಯೋಗದ ಪ್ರಕಾರ ರೈಲ್ವೆಯ ಲೆವೆಲ್ 2ರಲ್ಲಿ ಮೂಲ ವೇತನ 19,900 ರೂಪಾಯಿ, ಲೆವೆಲ್ 5ರಲ್ಲಿ 29,200. ಭತ್ಯೆಗಳು ಇದರ ಮೇಲೆ. ಲೆವೆಲ್ 2, 3ಕ್ಕೆ ಪಿಯುಸಿ ಸಾಕು, 4 ಮತ್ತು 5ಕ್ಕೆ ಡಿಗ್ರಿ ಬೇಕು. ಅಂದರೆ ಡಿಗ್ರಿ ಇಲ್ಲದ ಒಳ್ಳೆಯ ಆಟಗಾರ, ಡಿಗ್ರಿ ಇರುವ ಅಷ್ಟೇ ಒಳ್ಳೆಯ ಆಟಗಾರನಿಗಿಂತ ಕೆಳಗಿನ ಮೆಟ್ಟಿಲಿನಲ್ಲಿ ಶುರು ಮಾಡುತ್ತಾನೆ. ಈ ನೇಮಕಾತಿಗೆ ವಯಸ್ಸು 18ರಿಂದ 25. ಇಷ್ಟೇ ಕಿಟಕಿ.

ಇನ್ನು ಆ ಕಿಟಕಿಯೊಳಗೆ ಹೋಗಲು ಏನು ಬೇಕು ಎನ್ನುವುದು ಮುಖ್ಯ. ರಾತ್ರಿ ಪಂದ್ಯಾಟದಲ್ಲಿ 'ಬೆಸ್ಟ್ ಅಟ್ಯಾಕರ್' ಟ್ರೋಫಿಗಳನ್ನು ಮನೆಯ ಶೋಕೇಸ್ ತುಂಬ ಇಟ್ಟರೂ ಅವು ಅಲ್ಲಿ ಲೆಕ್ಕಕ್ಕಿಲ್ಲ. ಕೇಂದ್ರ ಸರ್ಕಾರದ ಕ್ರೀಡಾ ಕೋಟಾ ನಿಯಮದಲ್ಲಿ ಬೇರೆ ಬೇರೆ ನಮೂನೆಯ ಪ್ರಮಾಣಪತ್ರಗಳಿವೆ. ಫಾರ್ಮ್ 1 ದೇಶದ ತಂಡದಲ್ಲಿ ಆಡಿದವರಿಗೆ. ಫಾರ್ಮ್ 2 ರಾಜ್ಯ ತಂಡದಲ್ಲಿ ರಾಷ್ಟ್ರಮಟ್ಟಕ್ಕೆ ಹೋದವರಿಗೆ, ಇದಕ್ಕೆ ರಾಜ್ಯ ಸಂಸ್ಥೆಯ ಕಾರ್ಯದರ್ಶಿಯ ಸಹಿ. ಫಾರ್ಮ್ 3 ಅಂತರ ವಿಶ್ವವಿದ್ಯಾಲಯ ಪಂದ್ಯದಲ್ಲಿ ಆಡಿದವರಿಗೆ, ಇದಕ್ಕೆ ವಿಶ್ವವಿದ್ಯಾಲಯದ ಕ್ರೀಡಾ ನಿರ್ದೇಶಕರ ಸಹಿ. ಫಾರ್ಮ್ 4 ಶಾಲಾ ಮಟ್ಟದಲ್ಲಿ ರಾಜ್ಯವನ್ನು ಪ್ರತಿನಿಧಿಸಿದವರಿಗೆ. ನಿಮ್ಮ ತಮ್ಮ ಜಿಲ್ಲಾ ಮಟ್ಟದಲ್ಲೇ ನಿಂತಿರುವುದರಿಂದ ಫಾರ್ಮ್ 4 ಕೈ ತಪ್ಪಿದೆ. ಈಗ ಉಳಿದಿರುವುದು 2 ಮತ್ತು 3. ಫಾರ್ಮ್ 2ಕ್ಕೆ ಜಿಲ್ಲೆಯಿಂದ ಆಯ್ಕೆಯಾಗಿ, ರಾಜ್ಯದ ಟ್ರಯಲ್ಸ್‌ನಲ್ಲಿ ಗೆದ್ದು, ಜೂನಿಯರ್ ಅಥವಾ ಸೀನಿಯರ್ ನ್ಯಾಷನಲ್‌ಗೆ ಹೋಗಬೇಕು. ಫಾರ್ಮ್ 3ಕ್ಕೆ ಕಾಲೇಜಿನಲ್ಲಿ ಪೂರ್ಣಾವಧಿ ವಿದ್ಯಾರ್ಥಿಯಾಗಿರಬೇಕು. ಅಂಚೆ ಮೂಲಕ ಡಿಗ್ರಿ ಮಾಡುತ್ತೇನೆ, ಆಡುವುದು ಆಡಿಕೊಂಡಿರುತ್ತೇನೆ ಎಂದು ಕೆಲವು ಹುಡುಗರು ಹೇಳುತ್ತಾರೆ. ಅದರಿಂದ ಡಿಗ್ರಿ ಸಿಗಬಹುದು, ವಿಶ್ವವಿದ್ಯಾಲಯ ತಂಡದ ಜೆರ್ಸಿ ಸಿಗುವುದಿಲ್ಲ.

ತಂಡದಲ್ಲಿ ಹೆಸರಿದ್ದ ಮಾತ್ರಕ್ಕೆ ಎಲ್ಲ ಕಡೆ ಸಾಲದು. ಯಾವ ಪಂದ್ಯದಲ್ಲಿ ತಂಡ ಎಷ್ಟನೇ ಸ್ಥಾನ ಪಡೆದಿರಬೇಕು, ಎಷ್ಟು ಈಚಿನ ಸಾಧನೆಯಾಗಿರಬೇಕು ಎಂದು ಪ್ರತಿ ಅಧಿಸೂಚನೆಯಲ್ಲೂ ಬರೆದಿರುತ್ತದೆ. ಅದನ್ನು ಈಗಲೇ ಓದಿಸಿ, ಕೆಲಸ ಹುಡುಕುವ ವರ್ಷದಲ್ಲಲ್ಲ. ಪ್ರಮಾಣಪತ್ರ ಕೈಗೆ ಬಂದ ದಿನವೇ ಹೆಸರು, ತಂದೆಯ ಹೆಸರು, ಇನಿಶಿಯಲ್ ಎಲ್ಲವೂ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಇದ್ದ ಹಾಗೇ ಉಂಟಾ ಎಂದು ನೋಡಬೇಕು. ನಮ್ಮ ಕಡೆ ಒಬ್ಬನಿಗೇ ಮನೆಯಲ್ಲಿ ಒಂದು ಹೆಸರು, ಶಾಲೆಯಲ್ಲಿ ಒಂದು, ಹೆಸರಿನ ಕೊನೆಗೆ ಒಮ್ಮೆ ಪೂಜಾರಿ, ಒಮ್ಮೆ ಕುಮಾರ್. ಪಂದ್ಯಾಟದ ನೋಟಿಸಿನಲ್ಲಿ ಅದು ನಡೆಯುತ್ತದೆ, ದಾಖಲೆ ಪರಿಶೀಲನೆಯ ಮೇಜಿನಲ್ಲಿ ನಡೆಯುವುದಿಲ್ಲ. ಇನ್ನೊಂದು: ಸರ್ಟಿಫಿಕೇಟ್ ಕೊಡುವ ಸಂಸ್ಥೆಗೆ ಮಾನ್ಯತೆ ಇರಬೇಕು. 'ನ್ಯಾಷನಲ್' ಎಂದು ಹೆಸರಿಟ್ಟುಕೊಂಡು, ಹುಡುಗರಿಂದಲೇ ಪ್ರವೇಶ ಶುಲ್ಕ ವಸೂಲಿ ಮಾಡಿ, ಪದಕ ಹಂಚಿ ಕಳಿಸುವ ಕೂಟಗಳಿವೆ. ದುಡ್ಡು ಕೊಟ್ಟು ಆಡುವ ಯಾವ ನ್ಯಾಷನಲ್‌ಗೂ ಹೋಗಬೇಡಿ ಎಂದು ನಾನು ಕಡ್ಡಿ ಮುರಿದ ಹಾಗೆ ಹೇಳುತ್ತೇನೆ.

ಲೀಗಿನ ಮಾತಿಗೆ ಬರೋಣ. ಪ್ರೈಮ್ ವಾಲಿಬಾಲ್ ಲೀಗ್ 2022ರ ಫೆಬ್ರವರಿಯಲ್ಲಿ ಹೈದರಾಬಾದಿನಲ್ಲಿ ಶುರುವಾಯಿತು. ಮೊದಲ ವರ್ಷ ಗೆದ್ದ ಕೋಲ್ಕತ್ತಾ ಥಂಡರ್‌ಬೋಲ್ಟ್ಸ್ ತಂಡದ ನಾಯಕ ನಮ್ಮ ಕರ್ನಾಟಕದ ಅಶ್ವಲ್ ರೈ. ಆಮೇಲೆ ಅಹಮದಾಬಾದ್, ಕ್ಯಾಲಿಕಟ್, 2025ರಲ್ಲಿ ಬೆಂಗಳೂರು ಟಾರ್ಪೆಡೋಸ್ ಗೆದ್ದವು. ಟಿವಿಯಲ್ಲಿ ನೋಡಿದಾಗ ಹುಡುಗರಿಗೆ ಆಸೆ ಹುಟ್ಟುವುದು ಸಹಜ, ಹುಟ್ಟಲೂ ಬೇಕು. ಈ ಲೀಗ್ ನಮ್ಮ ಆಟಕ್ಕೆ ದೊಡ್ಡ ಉಪಕಾರ ಮಾಡಿದೆ. ಆದರೆ ಲೆಕ್ಕ ನೋಡಿ. ಒಂದು ಸೀಸನ್ ಸುಮಾರು ಒಂದು ತಿಂಗಳು. 2025ರಲ್ಲಿ 10 ತಂಡಗಳಿದ್ದವು. ವಿದೇಶಿಯರನ್ನು ಬಿಟ್ಟರೆ ಇಡೀ ದೇಶಕ್ಕೆ ನೂರ ಚಿಲ್ಲರೆ ಜಾಗ. ಮೊದಲ ಹರಾಜಿನಲ್ಲಿ ಅಶ್ವಲ್ ರೈ ಅವರಂಥ ಅಗ್ರ ಆಟಗಾರರಿಗೆ ಸಿಕ್ಕಿದ್ದು 15 ಲಕ್ಷ ರೂಪಾಯಿ. ಪಟ್ಟಿಯ ಕೆಳಗಿನವರಿಗೆ ಅದರ ಒಂದು ಸಣ್ಣ ಪಾಲು. ತಂಡದ ಪಟ್ಟಿ ತೆಗೆದು ಒಬ್ಬೊಬ್ಬರ ಹೆಸರಿನ ಮುಂದೆ ಅವರು ಎಲ್ಲಿ ಕೆಲಸದಲ್ಲಿದ್ದಾರೆ ಎಂದು ತಮ್ಮನಿಂದಲೇ ಬರೆಸಿ. ಇಲಾಖೆಯ ನೌಕರರು, ಇಲ್ಲವೇ ಯಾವುದಾದರೂ ವಿಶ್ವವಿದ್ಯಾಲಯದ ತಂಡದ ಹುಡುಗರು, ಹೆಚ್ಚುಕಡಿಮೆ ಇಷ್ಟೇ ಸಿಗುತ್ತಾರೆ. ಲೀಗಿನವರು ಆಟಗಾರರನ್ನು ಹುಡುಕುವುದು ನ್ಯಾಷನಲ್ಸ್‌ನಲ್ಲಿ, ಅಂತರ ವಿ.ವಿ. ಪಂದ್ಯಗಳಲ್ಲಿ. ಕಾಪು, ಕೋಟದ ಮೈದಾನಕ್ಕೆ ರಾತ್ರಿ ಎರಡು ಗಂಟೆಗೆ ಯಾರೂ ಹುಡುಕಿಕೊಂಡು ಬರುವುದಿಲ್ಲ.

ಲೀಗುಗಳಿಗೆ ಆಯುಸ್ಸಿನ ಖಾತರಿಯೂ ಇಲ್ಲ. 2011ರಲ್ಲಿ ಒಂದು ಲೀಗ್ ಆಗಿ ಒಂದೇ ವರ್ಷಕ್ಕೆ ನಿಂತಿತು. 2019ರಲ್ಲಿ ಪ್ರೊ ವಾಲಿಬಾಲ್ ಲೀಗ್ ಆಯಿತು, ಅದೂ ಒಂದೇ ಸೀಸನ್. ಆ ವರ್ಷ ಚೆನ್ನಾಗಿ ಆಡಿ, ಇನ್ನು ಇದೇ ಜೀವನ ಎಂದುಕೊಂಡವರು ಮೂರು ವರ್ಷ ಕಾಯಬೇಕಾಯಿತು. ಕೈಯಲ್ಲಿ ಕೆಲಸ ಇದ್ದವರು ಕಾದರು.

ಭಾರತದ ವಾಲಿಬಾಲಿನಲ್ಲಿ ಎಲ್ಲರಿಗಿಂತ ದೊಡ್ಡ ಹೆಸರು ಜಿಮ್ಮಿ ಜಾರ್ಜ್. ನಮ್ಮದೇ ಪಶ್ಚಿಮ ಕರಾವಳಿಯ ಕಣ್ಣೂರು ಜಿಲ್ಲೆಯ ಪೇರಾವೂರಿನವರು, 1955ರಲ್ಲಿ ಹುಟ್ಟಿದವರು. ವಿದೇಶದಲ್ಲಿ ವೃತ್ತಿಪರ ವಾಲಿಬಾಲ್ ಆಡಿದ ಮೊದಲ ಭಾರತೀಯ ಅವರು. ಅಬುಧಾಬಿಯಲ್ಲಿ ಆಡಿದರು, ಆಮೇಲೆ ಇಟಲಿಯಲ್ಲಿ. 1986ರ ಸಿಯೋಲ್ ಏಷ್ಯನ್ ಗೇಮ್ಸ್‌ನಲ್ಲಿ ಕಂಚು ಗೆದ್ದ ತಂಡದಲ್ಲಿದ್ದರು, ಮರುವರ್ಷ ಇಟಲಿಯಲ್ಲೇ ರಸ್ತೆ ಅಪಘಾತದಲ್ಲಿ ತೀರಿಕೊಂಡರು. ಅವರು ನಡೆದ ದಾರಿಯನ್ನು ನೋಡಿ: ಕೇರಳ ವಿಶ್ವವಿದ್ಯಾಲಯದ ತಂಡ, ಅಲ್ಲಿಂದ ಕೇರಳ ಪೊಲೀಸ್, ಅಲ್ಲಿಂದ ಹೊರದೇಶ. ಅಂಥ ಪ್ರತಿಭೆಯೂ ಈ ಮೆಟ್ಟಿಲುಗಳನ್ನು ಹತ್ತಿಯೇ ಮೇಲೆ ಹೋದದ್ದು.

ಈಗ ರಾತ್ರಿ ಪಂದ್ಯಾಟಗಳ ಬಗ್ಗೆ. ಅವನ್ನು ನಾನು ಹಳಿಯುವುದಿಲ್ಲ. ನಮ್ಮಲ್ಲಿ ವಾಲಿಬಾಲ್ ಉಳಿದಿರುವುದೇ ಯುವಕ ಮಂಡಲಗಳ ಹೊನಲು ಬೆಳಕಿನ ಪಂದ್ಯಾಟಗಳಿಂದ. ನೆಟ್ಟಿನ ಪಕ್ಕದಲ್ಲೇ ಊರಿನವರು ನಿಂತು ಬೊಬ್ಬೆ ಹೊಡೆಯುವಾಗ 24-24ರಲ್ಲಿ ಸರ್ವಿಸ್ ಹಾಕುವ ಧೈರ್ಯ ಯಾವ ಕೋಚಿಂಗ್ ಕ್ಯಾಂಪಿನಲ್ಲೂ ಬರುವುದಿಲ್ಲ. ಆದರೆ ಅಲ್ಲಿ ನಡೆಯುವುದನ್ನು ನೀವೂ ಒಮ್ಮೆ ಹೋಗಿ ನೋಡಿ. ರಾತ್ರಿ 8ಕ್ಕೆ ಎಂದು ನೋಟಿಸಿನಲ್ಲಿರುತ್ತದೆ. ಸಭಾ ಕಾರ್ಯಕ್ರಮ, ಸನ್ಮಾನ ಮುಗಿದು ಮೊದಲ ಸರ್ವಿಸ್ ಬೀಳುವಾಗ 11 ಗಂಟೆ. ತಮ್ಮ 10ಕ್ಕೆ ವಾರ್ಮ್‌ಅಪ್ ಮಾಡಿ, ಮೈ ತಣ್ಣಗಾಗಿ, ಒಂದೂವರೆಗೆ ಅಂಕಣಕ್ಕೆ ಇಳಿಯುತ್ತಾನೆ. ನೀರು ಹಾಕಿ ಗಟ್ಟಿ ಮಾಡಿದ ಕೆಂಪು ಮಣ್ಣಿನ ಅಂಕಣ, ಕಲ್ಲಿನ ಹಾಗಿರುತ್ತದೆ. ದುಡ್ಡು ಕೊಟ್ಟು ಕರೆಸಿದ ಸ್ಮ್ಯಾಶರ್ (ಹಾರಿ ಹೊಡೆಯುವವನು) ಎಂದರೆ ಲಿಫ್ಟರ್ (ಹೊಡೆಯಲು ಬಾಲ್ ಎತ್ತಿಕೊಡುವವನು) ಪ್ರತಿ ಬಾಲನ್ನೂ ಅವನಿಗೇ ಎತ್ತುತ್ತಾನೆ. ಫೈನಲ್ ಮುಗಿಯುವಾಗ ಬೆಳಿಗ್ಗೆ ನಾಲ್ಕೂವರೆ. ಅಷ್ಟರಲ್ಲಿ ಅವನು ನೂರಕ್ಕೂ ಮೇಲೆ ಹಾರಿರುತ್ತಾನೆ, ಊಟ ಅಂತ ಆಗಿರುವುದು ಒಂದು ಚರುಮುರಿ, ಒಂದು ಆಮ್ಲೆಟ್. ಮರುದಿನ ಮಧ್ಯಾಹ್ನದವರೆಗೆ ನಿದ್ದೆ, ಸಂಜೆ ಅಭ್ಯಾಸ ಇಲ್ಲ. ವಾರಕ್ಕೆ ಮೂರು ರಾತ್ರಿ ಹೀಗಾದರೆ ಹೊಸದನ್ನು ಕಲಿಯುವ ದಿನ ಎಲ್ಲಿ ಉಳಿಯಿತು?

ಇನ್ನೊಂದು ತೊಡಕು ಉಂಟು. ನಮ್ಮ ಪಂದ್ಯಾಟಗಳ ಹಂಗಾಮು ದೀಪಾವಳಿ ಕಳೆದ ಮೇಲೆ ಶುರುವಾಗಿ ಮೇ ಕೊನೆಯ ಪತ್ತನಾಜೆಯವರೆಗೆ. ದಕ್ಷಿಣ ವಲಯ, ಅಖಿಲ ಭಾರತ ಅಂತರ ವಿ.ವಿ. ಪಂದ್ಯಗಳು ಬರುವುದೂ ಹೆಚ್ಚಾಗಿ ಆ ತಿಂಗಳುಗಳಲ್ಲೇ. ಎರಡೂ ಕಡೆ ಕಾಲಿಟ್ಟವನು ದಣಿದ ಕಾಲಿನಲ್ಲಿ ಮುಖ್ಯ ಪಂದ್ಯಕ್ಕೆ ಹೋಗುತ್ತಾನೆ. ನನ್ನ ಸಲಹೆ: ತಿಂಗಳಿಗೆ ಎರಡು ರಾತ್ರಿ, ಅದೂ ದೊಡ್ಡ ತಂಡಗಳು ಬರುವಲ್ಲಿಗೆ ಮಾತ್ರ. ಎದುರಿನ ಕೋರ್ಟಿನಲ್ಲಿ ರೈಲ್ವೆಯಲ್ಲಿ ಕೆಲಸ ಮಾಡುವ ಬ್ಲಾಕರ್ (ನೆಟ್ಟಿನ ಮೇಲೆ ಹೊಡೆತ ತಡೆಯುವವನು) ನಿಂತಿದ್ದರೆ ಆ ರಾತ್ರಿ ಪಾಠವಾಗುತ್ತದೆ.

ಎತ್ತರದ ಪ್ರಶ್ನೆಗೆ ನಾನು ಹೆಚ್ಚು ಬರೆಯಬೇಕು, ಏಕೆಂದರೆ ಅವನ ಭವಿಷ್ಯ ನಿಂತಿರುವುದು ಇಲ್ಲಿ. 6 ಅಡಿ 1 ಇಂಚು ಎಂದರೆ 185 ಸೆಂಟಿಮೀಟರ್. ಊರಿನಲ್ಲಿ ಇದು ದೊಡ್ಡ ಎತ್ತರ, ಹಾಗಾಗಿ ಚಿಕ್ಕಂದಿನಿಂದ ಅವನನ್ನು ನೆಟ್ಟಿನ ಹತ್ತಿರ ನಿಲ್ಲಿಸಿ ಹೊಡೆಯಲು ಬಿಟ್ಟಿರುತ್ತಾರೆ. ರಾಷ್ಟ್ರಮಟ್ಟಕ್ಕೆ ಹೋದರೆ ಇದೇ ಎತ್ತರ ಸ್ಮ್ಯಾಶರ್‌ಗೆ ಸಾಧಾರಣ, ಮಧ್ಯದ ಬ್ಲಾಕರ್‌ಗೆ ತೀರಾ ಕಡಿಮೆ. ಗಂಡಸರ ನೆಟ್ 2.43 ಮೀಟರ್. ನೀವೇ ಒಂದು ಪರೀಕ್ಷೆ ಮಾಡಿ. ಗೋಡೆಗೆ ಒತ್ತಿ ನಿಲ್ಲಿಸಿ, ಹಿಮ್ಮಡಿ ನೆಲಕ್ಕಿರಲಿ, ಬಲಗೈ ಪೂರ್ತಿ ಎತ್ತಿಸಿ ಬೆರಳ ತುದಿಗೆ ಗುರುತು ಹಾಕಿ. ಆಮೇಲೆ ಬೆರಳಿಗೆ ಸೀಮೆಸುಣ್ಣ ಹಚ್ಚಿ, ಮೂರು ಹೆಜ್ಜೆ ಓಡಿ ಬಂದು ಹಾರಿ ಗೋಡೆ ಮುಟ್ಟಲಿ. ನೆಲದಿಂದ ಎರಡೂ ಗುರುತುಗಳಿಗೆ ಎಷ್ಟೆಷ್ಟು ಎಂದು ಟೇಪಿನಲ್ಲಿ ಅಳೆಯಿರಿ. ಆಯ್ಕೆದಾರರು ಮುಖ್ಯವಾಗಿ ಕೇಳುವುದು ಹಾರಿ ಮುಟ್ಟಿದ ಸಂಖ್ಯೆಯನ್ನು. ಅಂತರರಾಷ್ಟ್ರೀಯ ಮಟ್ಟದ ಸ್ಮ್ಯಾಶರ್‌ಗಳು 340, 350 ಸೆಂಟಿಮೀಟರ್ ಮುಟ್ಟುತ್ತಾರೆ. ನಿಮ್ಮ ತಮ್ಮನದು ಈಗ 315ರ ಹತ್ತಿರ ಇದ್ದರೆ ಅದು ಒಳ್ಳೆಯ ಶುರುವಾತು, ಸರಿಯಾದ ಕಾಲಿನ ಕಸರತ್ತಿನಿಂದ ಇನ್ನೂ ಏರಿಸಬಹುದು. ಆದರೆ ಬರೇ ಹೊಡೆತವನ್ನು ನಂಬಿ ಮುಂದೆ ಹೋಗುವಷ್ಟು ಎತ್ತರ ಅವನಿಗಿಲ್ಲ.

ಹಾಗಾದರೆ ಏನು ಮಾಡಬೇಕು? ಪಾಸ್ ಕಲಿಯಬೇಕು. ಎದುರಾಳಿಯ ಸರ್ವಿಸನ್ನು ಎತ್ತುವ ಕೆಲಸ. ಊರಿನ ತಂಡಗಳಲ್ಲಿ ಸ್ಮ್ಯಾಶರ್‌ಗೆ ಈ ಕೆಲಸ ಇರುವುದಿಲ್ಲ, ಅದಕ್ಕೆ ಬೇರೆಯವರಿರುತ್ತಾರೆ. ದೊಡ್ಡ ಮಟ್ಟದಲ್ಲಿ ಎಡಮೂಲೆಯ ಸ್ಮ್ಯಾಶರ್‌ನ ಅರ್ಧ ಬೆಲೆ ಅವನ ಪಾಸಿನಲ್ಲಿ. ಗಂಟೆಗೆ 100 ಕಿಲೋಮೀಟರ್ ವೇಗದ ಜಂಪ್ ಸರ್ವ್ ಆಚೆ ಕೈಯಿಂದ ಹೊರಟು ಈಚೆ ತಲುಪಲು ಸುಮಾರು ಮುಕ್ಕಾಲು ಸೆಕೆಂಡ್. ಅಷ್ಟರಲ್ಲಿ ಬಾಲ್ ತನ್ನದೋ ಪಕ್ಕದವನದೋ ನಿರ್ಧರಿಸಿ, ಕಾಲು ಸರಿಸಿ, ಮೊಣಕೈಯ ಕೆಳಗಿನ ಚಪ್ಪಟೆ ಭಾಗವನ್ನು ಲಿಫ್ಟರ್ ಕಡೆಗೆ ತಿರುಗಿಸಿ ನಿಲ್ಲಬೇಕು. ಫ್ಲೋಟ್ ಸರ್ವ್ ಇನ್ನೂ ಕಷ್ಟ, ಅದು ಕೊನೇ ಗಳಿಗೆಯಲ್ಲಿ ತೇಲಿ ದಿಕ್ಕು ಬದಲಿಸುತ್ತದೆ. ಟ್ರಯಲ್ಸ್‌ನಲ್ಲಿ ನಾನು ಹುಡುಗರ ಸ್ಮ್ಯಾಶ್ ನೋಡುವ ಮೊದಲು ಅವರ ಪಾದ ನೋಡುತ್ತೇನೆ. ಎದುರಿನವನು ಬಾಲ್ ಮೇಲಕ್ಕೆ ಎಸೆಯುತ್ತಿದ್ದ ಹಾಗೇ ಯಾರ ಹಿಮ್ಮಡಿ ನೆಲ ಬಿಟ್ಟು ಏಳುತ್ತದೋ ಅವನನ್ನು ಕಲಿಸಬಹುದು. ಬಾಲ್ ನೆಟ್ ದಾಟಿದ ಮೇಲೆ ಎಚ್ಚರವಾಗುವವನಿಗೆ ಹೆಚ್ಚು ಕಾಲ ಬೇಕು. ನಿಮ್ಮ ತಮ್ಮ ದಿನಕ್ಕೆ ಒಂದು ಗಂಟೆ ಬರೇ ಸರ್ವಿಸ್ ಎತ್ತುವ ಅಭ್ಯಾಸಕ್ಕೆ ಕೊಟ್ಟರೆ, 185 ಸೆಂಟಿಮೀಟರಿನ ಪಾಸ್ ಗೊತ್ತಿರುವ ಸ್ಮ್ಯಾಶರ್ ಆಗುತ್ತಾನೆ. ಅಂಥವರು ಯಾವ ತಂಡಕ್ಕೂ ಬೇಕು.

ಕೈ ಮೃದುವಾಗಿದ್ದರೆ, ಆಟವನ್ನು ಓದುವ ತಲೆ ಇದ್ದರೆ ಲಿಫ್ಟರ್ ಆಗುವ ಯೋಚನೆಯನ್ನೂ ಮಾಡಲಿ. 185 ಎತ್ತರದ ಲಿಫ್ಟರ್ ಭಾರತದಲ್ಲಿ ಒಳ್ಳೆಯ ಎತ್ತರದವನು. ಜಪಾನಿನ ರಾಷ್ಟ್ರೀಯ ತಂಡದ ಮಸಾಹಿರೊ ಸೆಕಿತಾ ಬರೇ 175 ಸೆಂಟಿಮೀಟರ್, ಅವರು ಪೋಲೆಂಡಿನ ಲೀಗಿನಲ್ಲೂ ಆಡಿದರು. ಅದೇ ತಂಡದ ಲಿಬೆರೊ (ಹಿಂದಿನ ಸಾಲಿನಲ್ಲಿ ಬಾಲ್ ಎತ್ತುವುದಕ್ಕೇ ಇರುವ ಆಟಗಾರ) ತೊಮೊಹಿರೊ ಯಮಾಮೊಟೊ 171. ಲಿಬೆರೊ ಎಂಬ ಸ್ಥಾನವನ್ನು ಅಂತರರಾಷ್ಟ್ರೀಯ ವಾಲಿಬಾಲಿಗೆ ತಂದದ್ದು 1998ರಲ್ಲಿ, ಅಲ್ಲಿಂದ ಕುಳ್ಳಗಿನ ಚುರುಕು ಹುಡುಗರಿಗೂ ಈ ಆಟದಲ್ಲಿ ಖಾಯಂ ಜಾಗ ಸಿಕ್ಕಿತು. ಊರಿನಲ್ಲಿ ಚಪ್ಪಾಳೆ ಸಿಗುವುದು ಸ್ಮ್ಯಾಶರ್‌ಗೆ, ಹಾಗಾಗಿ 18ರ ಹುಡುಗನಿಗೆ ಜಾಗ ಬದಲಿಸು ಎಂದರೆ ಮುಖ ಸಣ್ಣದಾಗುತ್ತದೆ. ಆದರೂ ಹೇಳಿ. ಇಲಾಖೆ ತಂಡಗಳ ಆಯ್ಕೆಗೆ ಸ್ಮ್ಯಾಶರ್‌ಗಳ ಸಾಲು ಉದ್ದ ಇರುತ್ತದೆ, ಒಳ್ಳೆಯ ಲಿಫ್ಟರ್‌ಗಳು ಬೆರಳೆಣಿಕೆಯಷ್ಟು.

ಮೊಣಕಾಲು. ಇದನ್ನು ನಾಳೆಗೆ ಇಡಬೇಡಿ. ಅವನನ್ನು ಕುಳ್ಳಿರಿಸಿ, ಕಾಲು ನೀಡಿಸಿ, ಮಂಡಿಚಿಪ್ಪಿನ ಕೆಳತುದಿಯನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ. ನೋವು ಅಲ್ಲಿಯೇ, ಒಂದು ಬೊಟ್ಟಿನಷ್ಟು ಜಾಗದಲ್ಲಿ ಇದ್ದರೆ, ಮೆಟ್ಟಿಲು ಇಳಿಯುವಾಗ ಹೆಚ್ಚಾಗಿ, ಆಟದಲ್ಲಿ ಮೈ ಬಿಸಿಯಾದ ಮೇಲೆ ಕಡಿಮೆಯಾಗಿ, ಮರುದಿನ ಬೆಳಿಗ್ಗೆ ಬಿಗಿದುಕೊಂಡರೆ, ಅದು ಬಹುಶಃ 'ಜಂಪರ್ಸ್ ನೀ'. ಮಂಡಿಚಿಪ್ಪನ್ನು ಮೊಣಕಾಲಿನ ಕೆಳಗಿನ ಎಲುಬಿಗೆ ಜೋಡಿಸುವ ಸ್ನಾಯುರಜ್ಜು ಹಾರಿ ಹಾರಿ ಬಳಲುವುದರಿಂದ ಬರುವ ತೊಂದರೆ. ವಾಲಿಬಾಲಿಗರ ಖಾಯಿಲೆ ಎಂದೇ ಹೇಳಬಹುದು. 2005ರಲ್ಲಿ ಪ್ರಕಟವಾದ ನಾರ್ವೆಯ ಒಂದು ಅಧ್ಯಯನದಲ್ಲಿ ಉನ್ನತ ಮಟ್ಟದ ವಾಲಿಬಾಲ್ ಆಟಗಾರರಲ್ಲಿ ಶೇ. 45ರಷ್ಟು ಮಂದಿಗೆ ಇದು ಕಂಡುಬಂದಿತ್ತು.

ಪಟ್ಟಿ ಕಟ್ಟಿದರೆ ಆ ಹೊತ್ತಿಗೆ ನೋವು ತಗ್ಗುತ್ತದೆ, ರಜ್ಜು ವಾಸಿಯಾಗುವುದಿಲ್ಲ. ಎರಡು ತಿಂಗಳು ಆಟ ಪೂರ್ತಿ ಬಿಟ್ಟು ಮಲಗಿದರೂ ವಾಸಿಯಾಗುವುದಿಲ್ಲ, ಮೊದಲ ಪಂದ್ಯಕ್ಕೇ ಮರಳಿ ಬರುತ್ತದೆ. ಏಕೆಂದರೆ ವಿಶ್ರಾಂತಿಯಲ್ಲಿ ರಜ್ಜು ಇನ್ನಷ್ಟು ದುರ್ಬಲವಾಗುತ್ತದೆ. ಅದಕ್ಕೆ ಬೇಕಾದದ್ದು ನಿಧಾನವಾದ, ಭಾರವಾದ ಕಸರತ್ತು. ಶುರುವಿಗೆ ಗೋಡೆಗೆ ಬೆನ್ನು ಕೊಟ್ಟು ಕುರ್ಚಿಯಲ್ಲಿ ಕುಳಿತ ಹಾಗೆ ನಿಲ್ಲುವುದು, 45 ಸೆಕೆಂಡ್, ನಡುವೆ ಬಿಡುವು ಕೊಟ್ಟು ಐದು ಸಲ. ನೋವು ಹಿಡಿತಕ್ಕೆ ಬಂದ ಮೇಲೆ ವಾರಕ್ಕೆ ಮೂರು ದಿನ ಭಾರ ಹೊತ್ತು ಬಸ್ಕಿ, ಇಳಿಯಲು ಮೂರು ಸೆಕೆಂಡ್, ಏಳಲು ಮೂರು ಸೆಕೆಂಡ್. ಮೂರು ತಿಂಗಳಾದರೂ ಹಿಡಿಯುತ್ತದೆ. ಈ ಅವಧಿಯಲ್ಲಿ ಹಾರುವುದನ್ನು ಕಡಿಮೆ ಮಾಡಬೇಕು, ಪಾಸ್ ಅಭ್ಯಾಸಕ್ಕೆ ಇದೇ ಒಳ್ಳೆಯ ಸಮಯ. ಮನೆ ಹತ್ತಿರವೇ ಮಲ್ಪೆ ಬೀಚ್ ಉಂಟಲ್ಲ, ಮರಳಿನಲ್ಲಿ ಹಾರಿದರೆ ಇಳಿಯುವಾಗಿನ ಪೆಟ್ಟು ಕಡಿಮೆ. ನೋವು ಇಳಿಮುಖವಾದ ಮೇಲೆ ಮರಳಿನಿಂದ ಶುರು ಮಾಡಿ ಆಮೇಲೆ ಗಟ್ಟಿ ನೆಲಕ್ಕೆ ಬರಲಿ. ಕಸರತ್ತನ್ನು ಒಬ್ಬ ಫಿಸಿಯೋಥೆರಪಿಸ್ಟ್ ನೋಡಿ ಹೇಳಿಕೊಟ್ಟ ಮೇಲೆಯೇ ಮಾಡಲಿ. ಮಣಿಪಾಲ, ಮಂಗಳೂರಿನ ವೈದ್ಯಕೀಯ ಕಾಲೇಜು ಆಸ್ಪತ್ರೆಗಳಲ್ಲಿ ಫಿಸಿಯೋಥೆರಪಿ ವಿಭಾಗಗಳಿವೆ, ನೀವು ದೂರ ಹೋಗಬೇಕಾಗಿಲ್ಲ. ಮೊಣಕಾಲು ಬಾತಿದ್ದರೆ, ಮಡಚುವಾಗ ಸಿಕ್ಕಿಕೊಂಡ ಹಾಗಾದರೆ, ನಡೆಯುವಾಗ ಕಾಲು ಕೈಕೊಟ್ಟ ಹಾಗಾದರೆ ಅದು ಬೇರೆ ಗಾಯ, ಮೊದಲು ಮೂಳೆ ತಜ್ಞರ ಹತ್ತಿರ ಹೋಗಿ.

ಪಂದ್ಯಾಟದ ದಿನ ಸಂಜೆ ಇಂಜೆಕ್ಷನ್ ಹಾಕಿಸಿಕೊಂಡು ಬಂದು ಆಡುವ ಹುಡುಗರನ್ನು ನಾನು ನೋಡುತ್ತಲೇ ಇದ್ದೇನೆ. ಕರೆಸಿದ ತಂಡದವರೇ ಕರೆದುಕೊಂಡು ಹೋಗುತ್ತಾರೆ. ನೋವು ಗೊತ್ತಾಗದೆ ಆಡಿದರೆ ಹಾನಿ ಎರಡು ಪಟ್ಟು, ರಜ್ಜಿನ ಒಳಕ್ಕೇ ಸ್ಟೀರಾಯ್ಡ್ ಹೋದರೆ ಅದು ಹರಿಯುವ ಅಪಾಯವೂ ಇದೆ. ಈ ಒಂದು ವಿಷಯದಲ್ಲಿ ನೀವು ಅಕ್ಕನಾಗಿ ಗದರಿಸಿಯಾದರೂ ನಿಲ್ಲಿಸಿ. ಅವನಿಗೆ ಎರಡು ಸಾವಿರ ಕೊಡುವ ತಂಡಕ್ಕೆ ಬೇಕಾದದ್ದು ಆ ಒಂದು ರಾತ್ರಿಯ ಮೊಣಕಾಲು. ಅವನಿಗೆ ಬೇಕಾದದ್ದು 33 ವರ್ಷದವರೆಗಿನ ಮೊಣಕಾಲು.

ಕಾಲೇಜು ಯಾವುದು ಎಂದರೆ, ನಮ್ಮಲ್ಲಿ ಆಯ್ಕೆಗೆ ಕೊರತೆ ಇಲ್ಲ. ಮೂಡುಬಿದಿರೆಯ ಆಳ್ವಾಸ್, ಉಜಿರೆಯ ಎಸ್‌ಡಿಎಂ ವಾಲಿಬಾಲಿಗೆ ಹೆಸರಾದವು, ಹಾಸ್ಟೆಲ್ ಕೊಟ್ಟು ಆಟಗಾರರನ್ನು ಬೆಳೆಸುತ್ತವೆ. ಇಂಥ ಕಡೆ ತಂಡದೊಳಗಿನ ಪೈಪೋಟಿಯೇ ಜೋರು, ಮೊದಲ ವರ್ಷ ಬೆಂಚಿನಲ್ಲಿ ಕೂರಬೇಕಾದೀತು. ಆದರೆ ದಿನಾ ಅಭ್ಯಾಸದಲ್ಲಿ ಎದುರು ನಿಲ್ಲುವವರು ಒಳ್ಳೆಯವರಿರುತ್ತಾರೆ, ಮತ್ತು ವಿಶ್ವವಿದ್ಯಾಲಯ ತಂಡದ ಆಯ್ಕೆ ನಡೆಯುವುದು ಬಹುಪಾಲು ಇಂಥ ತಂಡಗಳ ಹುಡುಗರಿಂದ. ಮಣಿಪಾಲ, ನಿಟ್ಟೆಯಂಥ ಡೀಮ್ಡ್ ವಿಶ್ವವಿದ್ಯಾಲಯಗಳಿಗೆ ಅವುಗಳದೇ ತಂಡ ಇರುತ್ತದೆ. ಅಲ್ಲಿ ತಂಡದೊಳಗೆ ಹೋಗುವುದು ಸುಲಭವಾಗಬಹುದು, ಫೀಸು ಮಾತ್ರ ನಿಮ್ಮ ಮನೆಗೆ ಹೊರೆ. ನಾನಾದರೆ ಬೆಂಚಿನಲ್ಲಿ ಕೂರುವ ಅಪಾಯವಿದ್ದರೂ ಬಲಿಷ್ಠ ತಂಡಕ್ಕೇ ಕಳಿಸುತ್ತೇನೆ. ಸೀಟು, ಊಟ, ಹಾಸ್ಟೆಲ್ ಇವುಗಳಲ್ಲಿ ಎಷ್ಟು ರಿಯಾಯಿತಿ, ಗಾಯವಾದರೆ ಮರುವರ್ಷವೂ ಅದು ಮುಂದುವರಿಯುತ್ತದಾ, ಇವೆರಡನ್ನು ಮಾತ್ರ ಸೇರುವ ಮೊದಲೇ ಬರಹದಲ್ಲಿ ಕೇಳಿ ತೆಗೆದುಕೊಳ್ಳಿ. ಕೋರ್ಸು ಅವನಿಗೆ ಪಾಸು ಮಾಡಲು ಸಾಧ್ಯವಾಗುವಂಥದ್ದಿರಲಿ. ಹಾಜರಾತಿ ಕಡಿಮೆಯಾದರೆ ದೈಹಿಕ ಶಿಕ್ಷಣ ನಿರ್ದೇಶಕರು ಸಹಾಯ ಮಾಡಿಯಾರು, ಪರೀಕ್ಷೆಯನ್ನು ಅವನೇ ಬರೆಯಬೇಕಲ್ಲ.

ಗಲ್ಫಿನ ಕಂಪನಿ ತಂಡ, ವಿದೇಶಿ ಲೀಗ್ ಎಂದು ಯಾರಾದರೂ ಆಸೆ ತೋರಿಸಿದರೆ ಒಂದೇ ಪ್ರಶ್ನೆ ಕೇಳಿ: ಇಂಟರ್‌ನ್ಯಾಷನಲ್ ಟ್ರಾನ್ಸ್‌ಫರ್ ಸರ್ಟಿಫಿಕೇಟ್ ಮಾಡಿಸುತ್ತೀರಾ? ಹೊರದೇಶದ ಅಧಿಕೃತ ಲೀಗಿನಲ್ಲಿ ಆಡಲು ಅದು ಬೇಕೇ ಬೇಕು, ಅದರಲ್ಲಿ ಎರಡೂ ದೇಶಗಳ ಫೆಡರೇಶನ್‌ಗಳ ಪಾತ್ರ ಇರುತ್ತದೆ. ಉತ್ತರ ತಡವರಿಸಿದರೆ ಅದು ವಿಸಿಟ್ ವೀಸಾದ ವ್ಯವಹಾರ. ನಿಜವಾದ ಅವಕಾಶಗಳೂ ಬೆಳೆಯುತ್ತಿವೆ, ದಕ್ಷಿಣ ಕೊರಿಯಾದ ಲೀಗ್ 2023ರಿಂದ ಏಷ್ಯಾದ ಆಟಗಾರರಿಗೇ ಒಂದು ಸ್ಥಾನ ಮೀಸಲಿಟ್ಟಿದೆ. ಅದೇ ವರ್ಷ ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ನಮ್ಮವರು ಕೊರಿಯಾವನ್ನೇ 3-2ರಿಂದ ಸೋಲಿಸಿದರು. ದೇಶದ ತಂಡದವರೆಗೆ ಹೋದವನಿಗೆ ಆ ಬಾಗಿಲುಗಳು ತೆರೆಯುತ್ತವೆ.

ಆಟ ನಿಂತ ಮೇಲೆ ಕೋಚಿಂಗ್ ಡಿಪ್ಲೊಮಾ, ಬಿ.ಪಿ.ಎಡ್., ರೆಫ್ರಿ ಪರೀಕ್ಷೆ, ಪಂದ್ಯದ ಅಂಕಿಅಂಶ ವಿಶ್ಲೇಷಣೆ ಎಂದು ದಾರಿಗಳಿವೆ. ಇವುಗಳಲ್ಲಿ ಬಿ.ಪಿ.ಎಡ್.ಗೆ, ಕೋಚಿಂಗ್ ಡಿಪ್ಲೊಮಾಕ್ಕೆ ಡಿಗ್ರಿ ಕೇಳುತ್ತಾರೆ ಎನ್ನುವುದನ್ನು ಮಾತ್ರ ಅವನ ಕಿವಿಗೆ ಹಾಕಿ.

ಇದೇ ಪ್ರಶ್ನೆ ತಂಗಿಯ ಬಗ್ಗೆ ಬಂದಿದ್ದರೆ ನನ್ನ ಉತ್ತರ ಇನ್ನೂ ಗಟ್ಟಿಯಾಗಿರುತ್ತಿತ್ತು. ಪ್ರೈಮ್ ಲೀಗ್ ಗಂಡಸರದ್ದು. ಹೆಣ್ಣುಮಕ್ಕಳಿಗೆ ವಾಲಿಬಾಲಿನಲ್ಲಿ ನೆಲೆ ಸಿಗುವುದು ಇಲಾಖೆಗಳಲ್ಲೇ, ರೈಲ್ವೆಯ ಮಹಿಳಾ ತಂಡ ನ್ಯಾಷನಲ್ಸ್‌ನಲ್ಲಿ ಎಷ್ಟೋ ವರ್ಷಗಳಿಂದ ಮುಂಚೂಣಿಯಲ್ಲಿರುವುದು ಅದೇ ಕಾರಣಕ್ಕೆ. ಅವರಿಗೂ ಒಂದು ಲೀಗ್ ಬೇಕು ಎಂದು ನಾನು ಸಿಕ್ಕಿದಲ್ಲೆಲ್ಲ ಹೇಳುತ್ತಿರುತ್ತೇನೆ.

ಅಪ್ಪನ ವಿಷಯ. ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆಗೆ ರಜೆ, ಅವರು ಮನೆಯಲ್ಲಿರುತ್ತಾರೆ. ಕಾಲೇಜು ಪ್ರವೇಶ ನಡೆಯುವುದೂ ಅದೇ ಹೊತ್ತಿಗೆ, ಮಳೆಗೆ ಪಂದ್ಯಾಟಗಳೂ ನಿಂತಿರುತ್ತವೆ. ಟ್ರಯಲ್ಸ್‌ಗೆ ತಮ್ಮನ ಜೊತೆ ಅಪ್ಪನನ್ನೇ ಕಳಿಸಿ. ಮಗ ರಾತ್ರಿ ಹೊತ್ತು ಎಲ್ಲಿಗೋ ಹೋಗಿ ಬರುವುದನ್ನಷ್ಟೇ ಅವರು ಕಂಡಿದ್ದಾರೆ, ಅವನು ಆಡುವುದನ್ನು ನೋಡಿರಲಿಕ್ಕಿಲ್ಲ. ಕೋಚ್ ಜೊತೆ ಅವರೇ ಮಾತಾಡಲಿ, ಕೆಲಸ, ಸಂಬಳ, ಗಾಯ ಎಲ್ಲದರ ಬಗ್ಗೆ ಅವರೇ ಕೇಳಲಿ.

ಹೋಗುವಾಗ ಎಸ್‌ಎಸ್‌ಎಲ್‌ಸಿ ಮತ್ತು ಪಿಯುಸಿ ಅಂಕಪಟ್ಟಿಯ ಮೂಲಪ್ರತಿ, ಆಧಾರ್, ಜಿಲ್ಲಾ ಮಟ್ಟದಲ್ಲಿ ಆಡಿದ ಪ್ರಮಾಣಪತ್ರ, ನಾಲ್ಕು ಫೋಟೋ ಇರಲಿ. ಗೋಡೆಯಲ್ಲಿ ಅಳೆದ ಆ ಎರಡು ಸಂಖ್ಯೆಗಳನ್ನೂ ಬರೆದಿಟ್ಟುಕೊಳ್ಳಲಿ. ಮೊಣಕಾಲು ನೋವನ್ನು ಮುಚ್ಚಿಡದೆ ಕೋಚ್‌ಗೆ ಮೊದಲೇ ಹೇಳಲಿ. ಒಳ್ಳೆಯ ಕೋಚ್ ಆದರೆ ಅಂದು ಅವನನ್ನು ಹಾರಿಸುವುದಿಲ್ಲ, ಪಾಸ್ ಮಾಡಿಸಿ ನೋಡುತ್ತಾರೆ. ಜಿಲ್ಲಾ ವಾಲಿಬಾಲ್ ಸಂಸ್ಥೆಯ ಜೂನಿಯರ್ ಆಯ್ಕೆ ಯಾವಾಗ, ಎಲ್ಲಿ ಎಂದು ಅಜ್ಜರಕಾಡಿನ ಜಿಲ್ಲಾ ಕ್ರೀಡಾಂಗಣದಲ್ಲಿ ಈ ವಾರವೇ ವಿಚಾರಿಸಿಬಿಡಿ, ಜೂನಿಯರ್ ವಿಭಾಗದಲ್ಲಿ ಅವನಿಗೆ ಇನ್ನು ಹೆಚ್ಚು ವರ್ಷ ಉಳಿದಿಲ್ಲ.